ವಿಹಾರಕ್ಕೆ ಹೊರಡುವ ಮುನ್ನ

ಕಟಕೋಳದಂಥ ಊರಿನ ಸಂಘವೊಂದು ವರ್ಷಕ್ಕೊಮ್ಮೆ ವಿಹಾರಕ್ಕೆ ಹೊರಟಿತೆಂದರೆ ಆ ಸಂಭ್ರಮವೇ ಬೇರೆ. ಬಸ್ಸು ಗೊತ್ತುಮಾಡುವುದು ಒಬ್ಬರ ಪಾಲು, ವಂತಿಗೆ ಕೂಡಿಸುವುದು ಮತ್ತೊಬ್ಬರ ಪಾಲು. ಬುತ್ತಿಯ ಚಿಂತೆ ಮಾತ್ರ ಎಲ್ಲರದು. ರಾಮದುರ್ಗದ ಮಾರ್ಗವಾಗಿ ಬಾದಾಮಿಗೆ ಹೋಗಿ, ಮೇಣಬಸದಿಗಳನ್ನು ಹತ್ತಿಳಿದು, ಬನಶಂಕರಿಗೆ ಕೈಮುಗಿದು ಮರಳುವುದು ರೂಢಿ.

ಈ ಓಡಾಟದಲ್ಲಿ ತಪ್ಪಿಹೋಗುವುದು ಅಗಸ್ತ್ಯತೀರ್ಥದ ದಂಡೆಯ ವಸ್ತುಸಂಗ್ರಹಾಲಯ. 1976ರಲ್ಲಿ ಶಿಲ್ಪಗಳನ್ನು ಕೂಡಿಡಲು ಏರ್ಪಟ್ಟ ಈ ಸ್ಥಳ 1982ರಲ್ಲಿ ಸಂಗ್ರಹಾಲಯದ ರೂಪ ತಳೆಯಿತು. ಒಳಹೊಕ್ಕವರೂ ಲಜ್ಜಾಗೌರಿಯ ಮುಂದೆ ಕ್ಷಣಕಾಲ ನಿಂತು, ಶಿಲಾಯುಧಗಳನ್ನು 'ಬರಿಯ ಕಲ್ಲು' ಎಂದು ದಾಟಿಬಿಡುತ್ತಾರೆ. ಆದರೆ ಮಲಪ್ರಭೆಯ ಕಥೆ ಆರಂಭವಾಗುವುದೇ ಅಂಥ ಕಲ್ಲುಗಳಿಂದ.

ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ 19ನೆಯ ಶತಮಾನದಲ್ಲಿಯೇ ಮಲಪ್ರಭೆ, ಘಟಪ್ರಭೆಗಳ ಕಣಿವೆಯಲ್ಲಿ ಆದಿಮಾನವನ ಆಯುಧಗಳನ್ನು ಗುರುತಿಸಿದನು. ಬಾದಾಮಿ ತಾಲ್ಲೂಕಿನ ಖ್ಯಾಡ ಗ್ರಾಮದ ಹೊಳೆದಂಡೆ ಇವುಗಳಿಗೆ ಪ್ರಸಿದ್ಧ. ಮುಂದೆ ಆರ್. ವಿ. ಜೋಶಿಯವರು ಈ ಕಣಿವೆಯ ಮಣ್ಣು, ಗರಸು, ಆಯುಧಗಳನ್ನು ಒಟ್ಟಾಗಿ ಅಭ್ಯಸಿಸಿ 1955ರಲ್ಲಿ ಗ್ರಂಥವನ್ನೇ ಪ್ರಕಟಿಸಿದರು. ಬೆಣಚುಕಲ್ಲನ್ನು ಎರಡೂ ಬದಿಯಿಂದ ಚಕ್ಕೆಯೆಬ್ಬಿಸಿ ಮಾಡಿದ ಕೈಗೊಡಲಿಯನ್ನು ನೋಡಿದವರಿಗೆ, ಅದು ಹೊಳೆ ಸವೆಸಿದ ಕಲ್ಲಲ್ಲ, ಕೈ ತಿದ್ದಿದ ಕಲ್ಲು ಎಂಬುದು ತಾನಾಗಿ ತಿಳಿಯುತ್ತದೆ. ಸವೆದ ಕಲ್ಲು ನುಣುಪು; ಇದರ ಅಂಚು ಹರಿತ.

ಇಲ್ಲಿ ಒಂದು ಆತಂಕವೂ ಉಂಟು. ಇಂಥ ಕಲ್ಲಿನ ಪ್ರಾಚೀನತೆಯನ್ನು ಹೇಳುವುದು ಕಲ್ಲಲ್ಲ, ಅದು ಹುದುಗಿದ್ದ ಪದರ. ಮರಳಿಗಾಗಿ ದಂಡೆಯನ್ನು ತೋಡಿದಲ್ಲಿ ಆ ಪದರವೇ ಹೋಗುತ್ತದೆ. ಚಿಕ್ಕವರು ಹೊಳೆಯಲ್ಲಿ ಚೆಲುವಾದ ಕಲ್ಲನ್ನು ಕಿಸೆಗೆ ಹಾಕಿಕೊಳ್ಳುವುದಂತೂ ಸಹಜ. ಅದನ್ನು ಕಂಡಲ್ಲಿಯೇ ಬಿಡುವಂತೆ ಹೇಳಬೇಕಾದ ದೊಡ್ಡವರೇ ಎರಡನ್ನು ಹೆಚ್ಚಾಗಿ ಆರಿಸಿಕೊಳ್ಳುವುದುಂಟು!

ಸಂಘದ ಕಾರ್ಯದರ್ಶಿಗಳು ಗಮನಿಸಬೇಕಾದ ಸಂಗತಿ ಮತ್ತೊಂದು. ಅಮ್ಮನವರ ವಾರವೆಂದು ಬನಶಂಕರಿಗೆ ಶುಕ್ರವಾರ ಹೊರಡುವವರೇ ಬಹಳ. ಸಂಗ್ರಹಾಲಯಕ್ಕೆ ರಜೆಯೂ ಅಂದೇ. ಮಂಗಳವಾರ ಹೊರಟರೆ ದೇವಿಯ ದರ್ಶನಕ್ಕೂ ಕೊರತೆಯಿಲ್ಲ, ಸಂಗ್ರಹಾಲಯದ ಬಾಗಿಲೂ ತೆರೆದಿರುತ್ತದೆ.

ಕಲ್ಲುಗಳನ್ನು ಕಂಡ ಬಳಿಕ ಹೊಳೆಯನ್ನೂ ಕಾಣಬೇಕು. ಅದಕ್ಕೆ ದೂರ ಹೋಗಬೇಕಾಗಿಲ್ಲ. ಬನಶಂಕರಿಯಲ್ಲಿ ಹೆಂಗಸರು ಬುಟ್ಟಿಯಲ್ಲಿ ತಂದು ಮಾರುವ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರನ್ನು ಉಂಡು, ಸಮೀಪದ ಚೊಳಚಗುಡ್ಡದ ಸೇತುವೆಯವರೆಗೆ ಹೋದರೆ ಸಾಕು. ಕನಕುಂಬಿಯಲ್ಲಿ ಹುಟ್ಟಿ, ಸುಮಾರು 300 ಕಿಲೋಮೀಟರು ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆ ನವಿಲುತೀರ್ಥದ ಅಣೆಕಟ್ಟಿನ ಕೆಳಗೆ ಬೇಸಿಗೆಯಲ್ಲಿ ಬಡಕಲಾಗಿ ಕಾಣುತ್ತಾಳೆ. 2019ರ ಆಗಸ್ಟಿನಲ್ಲಿ ರಾಮದುರ್ಗದ ಮನೆಗಳಿಗೂ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನುಗ್ಗಿದವಳು ಇವಳೇ ಎಂದರೆ ಮಕ್ಕಳು ನಂಬಲಾರರು. ಆಗ ಬಸ್ಸಿನಲ್ಲಿರುವ ರಾಮದುರ್ಗದವರೊಬ್ಬರು, ತಮ್ಮ ಮನೆಯ ಗೋಡೆಯ ಮೇಲೆ ನೀರು ಬಿಟ್ಟುಹೋದ ಗೆರೆ ಎಷ್ಟು ಎತ್ತರದಲ್ಲಿತ್ತೆಂಬುದನ್ನು ಕೈಯೆತ್ತಿ ತೋರಿಸಬಹುದು.