ಫುಡ್ ಪ್ರೊಸೆಸರ್ ಬೇಕಾ, ಬೇಡ್ವಾ?

ಒಂದು ತಿಂಗಳಿಂದ ಮನೇಲಿ ಇದೇ ಚರ್ಚೆ. ಹಳೇ ಮಿಕ್ಸಿ ಸುಟ್ಟ ವಾಸನೆ ಬರ್ತಿದೆ, ಹೇಗೂ ಹೊಸದು ತರ್ಬೇಕು, ಇನ್ನಷ್ಟು ದುಡ್ಡು ಹಾಕಿ ಫುಡ್ ಪ್ರೊಸೆಸರನ್ನೇ ತರೋಣ ಅಂತ ನನ್ನವಳು. ದಂಡ ಅಂತ ನಾನು.

ನನ್ನ ವಾದ ಕೇಳಿ. ಆ ಅಗಲದ ಬಟ್ಟಲಿಗೆ ಒಂದು ಹಿಡಿ ಕಾಯಿತುರಿ ಹಾಕಿದ್ರೆ ಬದಿಗೆ ಹಾರಿ ಅಂಟಿಕೊಳ್ಳತ್ತೆ, ಬ್ಲೇಡಿಗೆ ಸಿಗೋದೇ ಇಲ್ಲ. ಚಟ್ನಿಗೆ, ಹುಳಿಗೆ ನುಣ್ಣಗೆ ರುಬ್ಬೋಕೆ ಸಣ್ಣ ಜಾರೇ ಬೇಕು. ದೋಸೆ ಹಿಟ್ಟಿಗೆ ಗ್ರೈಂಡರ್ ಇದ್ದೇ ಇದೆ. ಕಲ್ಲು ನಿಧಾನಕ್ಕೆ ತಿರುಗೋದ್ರಿಂದ ಹಿಟ್ಟು ಅಷ್ಟು ಬಿಸಿಯಾಗಲ್ಲ, ಉದ್ದು ಚೆನ್ನಾಗಿ ಒದಗತ್ತೆ. ಇನ್ನು ಹೆಚ್ಚೋದಾ? ಎರಡು ಈರುಳ್ಳಿಗೋಸ್ಕರ ಬಟ್ಟಲು, ಮುಚ್ಚಳ, ಬ್ಲೇಡು ಎಲ್ಲಾ ತೊಳೀಬೇಕು. ಈಳಿಗೆ ಮಣೆ ಸಾಕು ಸ್ವಾಮಿ!

ಅವಳು ಎಲ್ಲಾ ಕೇಳಿಸಿಕೊಂಡು, "ಚಪಾತಿ ಹಿಟ್ಟು?" ಅಂದ್ಲು.

ಉತ್ತರ ಇರ್ಲಿಲ್ಲ. ವಾರಕ್ಕೆ ಐದು ರಾತ್ರಿ ನಮ್ಮಲ್ಲಿ ಚಪಾತಿ, ನಾದೋದು ಅವಳೇ. ಹೋದ ವರ್ಷದಿಂದ ಮಣಿಕಟ್ಟು ನೋವು, ಮುಲಾಮು ಹಚ್ಚಿಕೊಂಡು ಮಲಗ್ತಾಳೆ. ಪಟ್ಟು ಬಿಡಬಾರದು ಅಂತ ನಾನೇ ನಾದೋಕೆ ನಿಂತೆ... ಮೂರನೇ ದಿನ ಮುಲಾಮು ನನಗೂ ಬೇಕಾಯ್ತು.

ಬೇಡ ಅಂತ ಇಷ್ಟು ದಿನ ಲೆಕ್ಕ ಹಾಕಿದವನು ಬರೀ ತಿನ್ನೋನು! ಪ್ರೊಸೆಸರಿನಲ್ಲಿ ಮುಚ್ಚಳದ ತೂತಿನಿಂದ ನೀರು ಬಿಡ್ತಾ ಹೋದ್ರೆ ಒಂದೆರಡು ನಿಮಿಷಕ್ಕೆ ಹಿಟ್ಟು ಉಂಡೆ ಕಟ್ಟತ್ತೆ. ಮಿಕ್ಸಿ ಜಾರುಗಳೂ ಜೊತೆಗೇ ಬರೋ ಮಾಡೆಲ್ ತಗೊಳ್ಳೋದು ಅಂತಾಗಿದೆ. ಹಿಟ್ಟು ನಾದುವಾಗ್ಲೇ ಮೋಟಾರಿಗೆ ಭಾರ ಬೀಳೋದು, ಹಾಗಾಗಿ 750 ವ್ಯಾಟಿಗೆ ಕಮ್ಮಿ ಬೇಡ.

ತೊಳೆಯೋ ಕೆಲಸ ನನ್ನದಂತೆ.