ಗ್ಲೈಡರ್ ಹಾರಿಸಲು ಒಂದು ಮೂಲೆ ಕೊಡಿ

ರಿಮೋಟ್ ಗ್ಲೈಡರ್ ಅಂದರೆ ಹಗುರ ಫೋಮಿನ, ಉದ್ದ ರೆಕ್ಕೆಯ ಪುಟ್ಟ ವಿಮಾನ. ಇದು ಪೇಟೆ ಹುಡುಗರ ಶೋಕಿ ಅನ್ನುವ ಮಾತನ್ನು ನಾವು ಒಪ್ಪುವುದಿಲ್ಲ. ಹದ್ದು ರೆಕ್ಕೆ ಬಡಿಯದೆ ಸುತ್ತುವ ಕಡೆ ಕಾದ ಗಾಳಿ ಮೇಲೇಳುತ್ತಿರುತ್ತದೆ. ಅಲ್ಲಿ ಸುತ್ತಿಸಿದರೆ ಮೋಟರ್ ನಿಲ್ಲಿಸಿದ ಮೇಲೂ ಗ್ಲೈಡರ್ ಏರುತ್ತದೆ. ಕಣದಲ್ಲಿ ರಾಶಿ ತೂರಿದವರಿಗೆ ಗಾಳಿ ನೋಡುವುದನ್ನು ಯಾರೂ ಹೇಳಿಕೊಡಬೇಕಿಲ್ಲ.

ಕಲಿಯಬೇಕಾದದ್ದು ಆರೈಕೆ. ರೆಕ್ಕೆಯಡಿ ಎರಡು ಬೆರಳಿಟ್ಟು ಎತ್ತಿ ನೋಡಿ. ಸಾಮಾನ್ಯವಾಗಿ ರೆಕ್ಕೆಯ ಅಗಲದ ಮುಂದಿನ ಮೂರನೇ ಒಂದು ಭಾಗದ ಹತ್ತಿರ ತೂಕ ಸಮ ನಿಲ್ಲಬೇಕು. ಬಾಲ ಭಾರವಾದರೆ ಹತೋಟಿಗೆ ಸಿಗದು. ಲಿಥಿಯಂ ಪಾಲಿಮರ್ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ವಾರಗಟ್ಟಲೆ ಇಡಬೇಡಿ, ಸೆಲ್ಲಿಗೆ 3.8 ವೋಲ್ಟ್ ಆಸುಪಾಸು ಇರಲಿ. ಉಬ್ಬಿದ್ದನ್ನು ಚಾರ್ಜಿಗೆ ಹಾಕಲೇಬೇಡಿ, ಬೆಂಕಿ ಹೊತ್ತೀತು. (ಬಣವೆ ಪಕ್ಕವಂತೂ ಚಾರ್ಜಿಂಗ್ ಬೇಡವೇ ಬೇಡ.)

ನಮಗಿರುವ ಭಯ ಒಂದೇ, ಕರೆಂಟ್ ತಂತಿ. 11 ಕೆವಿ ಲೈನ್ ಹಾದುಹೋದ ಹೊಲ ಬೇಡ. ತಂತಿಗೆ ಸಿಕ್ಕಿಕೊಂಡರೆ ಕೋಲು, ಏಣಿ ಮುಟ್ಟಬೇಡಿ, ಲೈನ್‌ಮನ್‌ಗೆ ಹೇಳಿ. ಹುಡುಗರು ಹೇಗೂ ಹಾರಿಸುತ್ತಾರೆ. ಅದಕ್ಕೇ ನಾವು ಪಂಚಾಯಿತಿಯವರನ್ನು ಕೇಳುವುದು: ತಂತಿಯಿಲ್ಲದ ಗೋಮಾಳದ ಒಂದು ಮೂಲೆಯನ್ನು ಭಾನುವಾರ ಬಿಟ್ಟುಕೊಡಿ. ಕ್ರಿಕೆಟ್ಟಿಗೆ ಬಿಟ್ಟಿಲ್ಲವೇ?