ಸದ್ದೇ ಗತ್ತಲ್ಲ

ಹಳೆಯ ಯೆಜ್ಡಿಯನ್ನು ಬಿಟ್ಟು ರಾಯಲ್ ಎನ್‌ಫೀಲ್ಡ್ ಮೀಟಿಯರ್ 350 ಕೊಂಡದ್ದಕ್ಕೆ ನನ್ನ ವಿದ್ಯಾರ್ಥಿಗಳು ಕೆಲವರು "ಮೇಷ್ಟ್ರೇ, ಮೈಸೂರಿಗೆ ದ್ರೋಹ ಬಗೆದಿರಿ" ಎನ್ನುತ್ತಿದ್ದಾರೆ. ಯಾವ ಮೈಸೂರಪ್ಪಾ? 1961ರಲ್ಲಿ ಜಾವಾ, ಬಳಿಕ ಯೆಜ್ಡಿ ತಯಾರಿಸತೊಡಗಿದ ಯಾದವಗಿರಿಯ ಕಾರ್ಖಾನೆ 1996ರಲ್ಲಿಯೇ ಮುಚ್ಚಿತು. 2022ರಲ್ಲಿ ಮರಳಿ ಬಂದ ಯೆಜ್ಡಿ ಮಧ್ಯಪ್ರದೇಶದ ಪೀಥಂಪುರದ್ದು. ಇಲ್ಲಿ ದುಡಿದ ಕಾರ್ಮಿಕರನ್ನು ಮರೆತು ಟ್ಯಾಂಕಿನ ಮೇಲಿನ ಹೆಸರಿಗೆ ನಿಷ್ಠೆ ತೋರುವುದು ನನ್ನಿಂದಾಗದು.

ಅವರದೇ ಇನ್ನೊಂದು ಉಪದೇಶ: "ಸೈಲೆನ್ಸರನ್ನಾದರೂ ಬದಲಾಯಿಸಿ, ಗತ್ತು ಬರಲಿ." ಇದನ್ನಂತೂ ನಾನು ಕಟುವಾಗಿ ವಿರೋಧಿಸುತ್ತೇನೆ. ಕಂಪನಿ ಕೊಟ್ಟ ಹೊಗೆಕೊಳವೆಯಲ್ಲಿ ವಿಷಾನಿಲವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆ, ಸದ್ದನ್ನು ನುಂಗುವ ತಡೆಗಳಿವೆ. ಅವನ್ನು ಕಿತ್ತು ಬರಿಯ ಕೊಳವೆ ಜೋಡಿಸಿದರೆ ಸಿಗುವುದು ಆರ್ಭಟವೊಂದೇ. ಶಬ್ದಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190ನೆಯ ಕಲಮಿನಂತೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸೆರೆ ಉಂಟು. ದಂಡ ಹಾಗಿರಲಿ, ನಿಮ್ಮ ಗತ್ತಿನ ಬೆಲೆ ತೆರುವವರು ಯಾರು? ಬೀದಿಬದಿಯ ಮನೆಯಲ್ಲಿ ಈಗಷ್ಟೇ ನಿದ್ದೆಹೋದ ಹಸುಗೂಸು, ಪರೀಕ್ಷೆಗೆ ಓದುತ್ತಿರುವ ಹುಡುಗಿ. ತರಗತಿಯಲ್ಲಿ ಕೂಗಾಡಿದವನನ್ನು ಜಾಣನೆಂದು ನಾನೆಂದೂ ಒಪ್ಪಿದವನಲ್ಲ. ಅದು ನಿಮಗೆ ನೆನಪಿರಬೇಕು!

ನಾನು ಹಾಕಿಸಿದ್ದು ಎಂಜಿನ್ನಿಗೊಂದು ಕ್ರ್ಯಾಶ್ ಗಾರ್ಡ್, ಹಿಂದೆ ಕೂರುವ ನನ್ನ ಮನೆಯಾಕೆಗೊಂದು ಬೆನ್ನೊರಗು. ಅಷ್ಟು ಸಾಕು. 650 ಸಿಸಿಯ ಸೂಪರ್ ಮೀಟಿಯರ್ ಕೊಳ್ಳಿರೆಂದು ಅಳಿಯಂದಿರ ಸಲಹೆಯೂ ಬಂದಿದೆ. ಅದರ ತೂಕ 241 ಕಿಲೋ, ನನ್ನ ಗಾಡಿಯದು 191. ನಮ್ಮ ಮನೆಮುಂದಿನ ಇಳಿಜಾರಿನಲ್ಲಿ ಅದನ್ನು ಹಿಂದಕ್ಕೆಳೆದು ನಿಲ್ಲಿಸಲು ಅವರು ದಿನವೂ ಬರುವುದಾದರೆ ಯೋಚಿಸೋಣ.